ನಾಲ್ವರು ತಾರೆಯರಿದ್ದೂ ‘ಹೌ ಡು ಯು ನೋ’ ಏಕೆ ಸೋತಿತು?

ರೀಲುಪೆಟ್ಟಿಗೆ (ಚರ್ಚೆ ಆರಂಭಿಸಿದವರು)

2010ರ ಡಿಸೆಂಬರ್ 17ರಂದು ಅಮೆರಿಕದಲ್ಲಿ ತೆರೆಕಂಡ ‘ಹೌ ಡು ಯು ನೋ’ ಚಿತ್ರವನ್ನು ಇಲ್ಲಿ ಚರ್ಚೆಗೆ ಎತ್ತಿಕೊಳ್ಳುತ್ತಿದ್ದೇನೆ. ಸೋತು ಮರೆಯಾದ ಚಿತ್ರವನ್ನು ಈಗೇಕೆ ಎಳೆದು ತರಬೇಕು ಎಂದು ಯಾರಾದರೂ ಕೇಳಬಹುದು. ಜ್ಯಾಕ್ ನಿಕಲ್ಸನ್ ಅದರ ನಂತರ ಮತ್ತೊಂದು ಚಿತ್ರದಲ್ಲಿ ನಟಿಸಿಲ್ಲ. ಮೂರು ಆಸ್ಕರ್ ಗೆದ್ದು, ಹನ್ನೆರಡು ಬಾರಿ ನಾಮನಿರ್ದೇಶನಗೊಂಡ ನಟ ಕೊನೆಯದಾಗಿ ಪರದೆಯ ಮೇಲೆ ಕಾಣಿಸಿಕೊಂಡದ್ದು ಇಷ್ಟು ಸಪ್ಪೆಯಾದ ಪಾತ್ರದಲ್ಲಿ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಚಿತ್ರ ನೋಡದವರಿಗಾಗಿ ಕಥೆಯನ್ನು ಹೇಳಿಬಿಡುತ್ತೇನೆ. ಲೀಸಾ (ರೀಸ್ ವಿದರ್‌ಸ್ಪೂನ್) ಅಮೆರಿಕದ ರಾಷ್ಟ್ರೀಯ ಸಾಫ್ಟ್‌ಬಾಲ್ ತಂಡದ ಆಟಗಾರ್ತಿ. ವಯಸ್ಸಾಯಿತು, ವೇಗ ತಗ್ಗಿತು ಎಂದು ತಂಡ ಅವಳನ್ನು ಕೈಬಿಡುತ್ತದೆ. ಜಾರ್ಜ್ (ಪಾಲ್ ರಡ್) ತಂದೆಯ ಕಂಪನಿಯನ್ನು ನಡೆಸುವ ಸಜ್ಜನ. ತಾನು ಮಾಡದ ವಂಚನೆಗೆ ಸರ್ಕಾರದ ತನಿಖೆ ಅವನ ಮೇಲೆ ಬಂದೆರಗುತ್ತದೆ. ಮ್ಯಾಟಿ (ಓವನ್ ವಿಲ್ಸನ್) ವಾಷಿಂಗ್ಟನ್ ನ್ಯಾಷನಲ್ಸ್ ಬೇಸ್‌ಬಾಲ್ ತಂಡದ ಪಿಚರ್ (ಚೆಂಡೆಸೆಯುವ ಆಟಗಾರ), ಹೆಂಗಸರ ವಿಷಯದಲ್ಲಿ ಒಂದೆಡೆ ನಿಲ್ಲದವನು, ಸದ್ಯಕ್ಕೆ ಲೀಸಾಳ ಗೆಳೆಯ. ಜಾರ್ಜ್‌ನ ತಂದೆ ಚಾರ್ಲ್ಸ್ ಆಗಿ ನಿಕಲ್ಸನ್ ಇದ್ದಾರೆ. ತಪ್ಪು ಮಾಡಿದವನು ಅವನೇ, ಮಗ ಅದನ್ನು ತಲೆಯ ಮೇಲೆ ಹೊತ್ತುಕೊಳ್ಳಲಿ ಎಂದು ಬಯಸುವವನೂ ಅವನೇ.

ನಿರ್ದೇಶಕ ಜೇಮ್ಸ್ ಎಲ್. ಬ್ರೂಕ್ಸ್ ಸಾಮಾನ್ಯರಲ್ಲ. ‘ಟರ್ಮ್ಸ್ ಆಫ್ ಎಂಡಿಯರ್‌ಮೆಂಟ್’ (1983) ಚಿತ್ರಕ್ಕೆ ನಿರ್ಮಾಪಕ, ನಿರ್ದೇಶಕ ಮತ್ತು ಚಿತ್ರಕಥೆಗಾರನಾಗಿ ಮೂರು ಆಸ್ಕರ್‌ಗಳನ್ನು ಒಂದೇ ರಾತ್ರಿ ಪಡೆದವರು. ‘ಆ್ಯಸ್ ಗುಡ್ ಆ್ಯಸ್ ಇಟ್ ಗೆಟ್ಸ್’ (1997) ಚಿತ್ರದಲ್ಲಿ ನಿಕಲ್ಸನ್ ಮತ್ತು ಹೆಲೆನ್ ಹಂಟ್ ಇಬ್ಬರಿಗೂ ಆಸ್ಕರ್ ತಂದುಕೊಟ್ಟವರು. ಛಾಯಾಗ್ರಹಣ ಯಾನುಶ್ ಕಮಿನ್‌ಸ್ಕಿ, ಸಂಗೀತ ಹ್ಯಾನ್ಸ್ ಜಿಮ್ಮರ್. ಸಾಮಗ್ರಿಯಲ್ಲಿ ಯಾವ ಕೊರತೆಯೂ ಇರಲಿಲ್ಲ.

ನನ್ನ ವಾದ ಇದು: ಇಲ್ಲಿ ಕೆಟ್ಟ ನಟನೆ ಎಲ್ಲಿಯೂ ಇಲ್ಲ. ಎರಡು ಬೇರೆ ಬೇರೆ ಚಿತ್ರಗಳ ಜನರನ್ನು ತಂದು ಒಂದೇ ಕೋಣೆಯಲ್ಲಿ ನಿಲ್ಲಿಸಿ ಪರಸ್ಪರ ಮಾತನಾಡಿ ಎಂದು ಹೇಳಿದಂತಿದೆ. ಬ್ರೂಕ್ಸ್ 2005ರ ಸುಮಾರಿಗೆ ಒಬ್ಬ ಕ್ರೀಡಾಪಟು ಯುವತಿಯ ಕಥೆ ಬರೆಯಲು ಹೊರಟರು, ಅದಕ್ಕಾಗಿ ಅನೇಕ ಮಹಿಳೆಯರನ್ನು ದೀರ್ಘವಾಗಿ ಸಂದರ್ಶಿಸಿದರು. ನಡುವೆ ಅವರ ಆಸಕ್ತಿ ಇನ್ನೊಂದು ಕಡೆ ಹರಿಯಿತು. ತಮಗೆ ಗೊತ್ತೇ ಇಲ್ಲದ ಅಕ್ರಮಕ್ಕೆ ಕಾನೂನಿನ ಮುಂದೆ ಉತ್ತರಿಸಬೇಕಾಗಿ ಬರುವ ಕಂಪನಿ ಅಧಿಕಾರಿಗಳ ಸಂಕಟ ಅವರನ್ನು ಸೆಳೆಯಿತು. ಜಾರ್ಜ್ ಮತ್ತು ಚಾರ್ಲ್ಸ್ ಹುಟ್ಟಿದ್ದು ಆ ಎರಡನೆಯ ಆಸಕ್ತಿಯಿಂದ. ಎರಡೂ ಒಳ್ಳೆಯ ವಸ್ತುಗಳೇ. ಆದರೆ ಲೀಸಾಳ ಸೋಲಿಗೂ ಜಾರ್ಜ್‌ನ ಸಂಕಟಕ್ಕೂ ಇರುವ ನಂಟೇನು? ಇಬ್ಬರ ದಿನವೂ ಕೆಟ್ಟದಾಗಿತ್ತು ಎಂಬುದಕ್ಕಿಂತ ಹೆಚ್ಚಿನದೇನೂ ಚಿತ್ರದಲ್ಲಿ ನನಗೆ ಕಾಣಲಿಲ್ಲ.

ನಿಮ್ಮ ಅಭಿಪ್ರಾಯ ಬರೆಯಿರಿ. ಒಪ್ಪದವರು ವಿವರವಾಗಿಯೇ ಬರೆಯಿರಿ.

ತುಂಗಾತೀರ

ಕಥೆಗಿಂತ ಮೊದಲು ಲೆಕ್ಕ ನೋಡಬೇಕು. ಈ ಚಿತ್ರಕ್ಕೆ ಸುಮಾರು 12 ಕೋಟಿ ಡಾಲರ್ ಖರ್ಚಾಯಿತು. ಜಗತ್ತಿನಾದ್ಯಂತ ಗಳಿಸಿದ್ದು ಐದು ಕೋಟಿಯನ್ನೂ ಮುಟ್ಟಲಿಲ್ಲ. ಆಗ ಪತ್ರಿಕೆಗಳಲ್ಲಿ ವರದಿಯಾದಂತೆ ವಿದರ್‌ಸ್ಪೂನ್‌ಗೆ 1.5 ಕೋಟಿ, ನಿಕಲ್ಸನ್‌ಗೆ 1.2 ಕೋಟಿ, ವಿಲ್ಸನ್‌ಗೆ ಒಂದು ಕೋಟಿ, ರಡ್‌ಗೆ 30 ಲಕ್ಷ, ಬ್ರೂಕ್ಸ್‌ಗೆ ಸುಮಾರು ಒಂದು ಕೋಟಿ ಡಾಲರ್. ಸ್ಫೋಟಗಳಿಲ್ಲ, ಬಾಹ್ಯಾಕಾಶವಿಲ್ಲ. ನಾಲ್ಕು ಜನ ಮನೆಗಳಲ್ಲಿ, ಕಚೇರಿಗಳಲ್ಲಿ ಕುಳಿತು ಮಾತನಾಡುವ ಚಿತ್ರಕ್ಕೆ ಇಷ್ಟು ಹಣ! ಅದೇ ದಿನ ದೃಶ್ಯವೈಭವದ ವೈಜ್ಞಾನಿಕ ಸಾಹಸಚಿತ್ರ ‘ಟ್ರಾನ್: ಲೆಗಸಿ’ ಕೂಡ ಬಿಡುಗಡೆಯಾಯಿತು ಎಂಬುದನ್ನು ನೆನೆಯಿರಿ. ಟಿಕೆಟ್ ಕೊಳ್ಳುವವನು ಯಾವುದಕ್ಕೆ ಹೋಗುತ್ತಾನೆ?

ಇಷ್ಟು ದುಡ್ಡು ಸುರಿದ ಮೇಲೆ ಸಂಭಾವನೆಗೆ ತಕ್ಕಂತೆ ಪ್ರತಿಯೊಬ್ಬರಿಗೂ ಒಂದೊಂದು ‘ದೊಡ್ಡ ದೃಶ್ಯ’ ಕೊಡಬೇಕಾಗುತ್ತದೆ. ಎಲ್ಲರಿಗೂ ಹಂಚಿದ ಮೇಲೆ ಚಿತ್ರಕ್ಕೆ ಉಳಿಯುವುದೇನು? ತಾರಾಗಣವೇ ಈ ಚಿತ್ರವನ್ನು ಮುಳುಗಿಸಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ರೀಲುಪೆಟ್ಟಿಗೆ

ತುಂಗಾತೀರ ಅವರೇ, ಅಂಕಿಗಳನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪಲಾರೆ. ‘ಆ್ಯಸ್ ಗುಡ್ ಆ್ಯಸ್ ಇಟ್ ಗೆಟ್ಸ್’ಗೆ ಐದು ಕೋಟಿ ಡಾಲರ್ ಖರ್ಚಾಗಿತ್ತು. 1997ರಲ್ಲಿ ಮಾತಿನ ಚಿತ್ರವೊಂದಕ್ಕೆ ಅದೇನೂ ಕಡಿಮೆ ಮೊತ್ತವಲ್ಲ. ಅದು 30 ಕೋಟಿಗೂ ಮೀರಿ ಗಳಿಸಿತು. ಅಲ್ಲಿಯೂ ನಿಕಲ್ಸನ್ ಇದ್ದರು. ಆದರೆ ಆ ಚಿತ್ರದಲ್ಲಿ ಅವರ ಪಾತ್ರಕ್ಕೆ, ಹೋಟೆಲಿನಲ್ಲಿ ಬಡಿಸುವ ಹಂಟ್ ಅವರ ಪಾತ್ರವಿಲ್ಲದೆ ಬೆಳಗಿನ ಉಪಾಹಾರವೂ ಗಂಟಲಿನಲ್ಲಿ ಇಳಿಯುವುದಿಲ್ಲ. ಅವಳು ಕೆಲಸಕ್ಕೆ ಬರದಿದ್ದರೆ ಅವನ ದಿನವೇ ನಡೆಯದು. ಅವಳ ಮಗನ ಕಾಯಿಲೆ ಅವನ ಸಮಸ್ಯೆಯಾಗುವುದು ಹಾಗೆ. ತಾರೆಯರು ದುಬಾರಿಯಾದ ಮಾತ್ರಕ್ಕೆ ಚಿತ್ರ ಮುಳುಗುವುದಿಲ್ಲ. ಒಬ್ಬರಿಗೆ ಇನ್ನೊಬ್ಬರ ಅಗತ್ಯವನ್ನು ಬರೆಯದೇ ಹೋದರೆ ಮುಳುಗುತ್ತದೆ.

ಮೈದಾನದಂಚು

ನಾನು ಚಿತ್ರಗಳಿಗಿಂತ ಹೆಚ್ಚಾಗಿ ಕ್ರೀಡೆಯನ್ನು ಹಿಂಬಾಲಿಸುವವನು. ಆದ್ದರಿಂದ ಲೀಸಾಳ ಪಾತ್ರದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಇದರಲ್ಲಿ ನನಗೆ ಬಹಳ ಸಿಟ್ಟಿದೆ.

ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಸಾಫ್ಟ್‌ಬಾಲ್ 1996ರಲ್ಲಿ ಆರಂಭವಾಯಿತು. 1996, 2000, 2004, ಮೂರೂ ಬಾರಿ ಚಿನ್ನ ಅಮೆರಿಕದ್ದು. 2005ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್ ಎರಡನ್ನೂ 2012ರ ಕೂಟದಿಂದ ಹೊರಗಿಡಲು ಮತ ಹಾಕಿತು. 2008ರ ಬೀಜಿಂಗ್ ಫೈನಲ್‌ನಲ್ಲಿ ಅಮೆರಿಕ ಜಪಾನ್‌ಗೆ 3–1ರಿಂದ ಸೋತಿತು. ಆಮೇಲೆ ಆ ಆಟಗಾರ್ತಿಯರ ಮುಂದೆ ಒಲಿಂಪಿಕ್ಸ್ ಎಂಬುದೇ ಇರಲಿಲ್ಲ. ಟೋಕಿಯೊ ಕೂಟದಲ್ಲಿ, ಅಂದರೆ 2021ರಲ್ಲಿ, ಸಾಫ್ಟ್‌ಬಾಲ್ ಮರಳುವವರೆಗೆ ಒಂದು ತಲೆಮಾರು ಹಾಗೆಯೇ ಕಳೆದುಹೋಯಿತು.

ಈಗ ಯೋಚಿಸಿ. 2009ರಲ್ಲಿ ಚಿತ್ರೀಕರಣವಾಗಿ 2010ರಲ್ಲಿ ಬಂದ ಚಿತ್ರ ಇದು. ನಾಯಕಿ ರಾಷ್ಟ್ರೀಯ ತಂಡದವಳು. ತಂಡ ಅವಳನ್ನು ಕೈಬಿಟ್ಟಿದೆ, ಅವಳ ಆಟವನ್ನೇ ಜಗತ್ತು ಕೈಬಿಟ್ಟಿದೆ. ಪಕ್ಕದಲ್ಲಿರುವ ಗೆಳೆಯ ಅದೇ ಚೆಂಡಾಟದ ಗಂಡಸರ ರೂಪದಲ್ಲಿ ಲಕ್ಷಾಂತರ ಡಾಲರ್ ಗಳಿಸುತ್ತಿದ್ದಾನೆ. ಅವಳಿಗಿಂತ ಕಡಿಮೆ ಶ್ರದ್ಧೆ ಇರುವವನಿಗೆ ದೊಡ್ಡ ಅಪಾರ್ಟ್‌ಮೆಂಟ್, ಅಭಿಮಾನಿಗಳು, ಮುಂದಿನ ಸೀಸನ್ ಎಲ್ಲವೂ ಇವೆ. ಅವಳಿಗೆ ಕನ್ನಡಿಯ ಸುತ್ತ ಅಂಟಿಸಿಕೊಂಡ ಸ್ಫೂರ್ತಿವಾಕ್ಯಗಳ ಚೀಟಿಗಳಷ್ಟೇ. ಇದಕ್ಕಿಂತ ತೀಕ್ಷ್ಣವಾದ ಪ್ರೇಮಕಥೆ ಬೇಕೆ? ಇದರಲ್ಲಿ ನಗು, ಅಸೂಯೆ, ಅವಮಾನ, ಪ್ರೀತಿ ಎಲ್ಲವೂ ಸಿಗುತ್ತಿದ್ದವು. ಚಿತ್ರ ಇದರ ಹತ್ತಿರವೂ ಸುಳಿಯುವುದಿಲ್ಲ. ಲೀಸಾ ಆಡುವುದನ್ನು ನಾವು ಸರಿಯಾಗಿ ನೋಡುವುದೂ ಇಲ್ಲ. ಆಟವನ್ನೇ ತೋರಿಸದೆ ಅದನ್ನು ಕಳೆದುಕೊಂಡವಳ ದುಃಖಕ್ಕೆ ಮರುಗಿ ಎಂದರೆ ಹೇಗೆ?

ವಿದರ್‌ಸ್ಪೂನ್ ‘ವಾಕ್ ದ ಲೈನ್’ ಚಿತ್ರಕ್ಕೆ ಆಸ್ಕರ್ ಪಡೆದ ನಟಿ. ಹಟ, ಶಿಸ್ತು, ಒಳಗೆ ಬೇಯುತ್ತಿದ್ದರೂ ಮುಖದಲ್ಲಿ ನಗು, ಇವೆಲ್ಲ ಅವರಿಗೆ ಸಲೀಸು. ಅಂಥವರನ್ನು ಇಬ್ಬರು ಗಂಡಸರ ನಡುವೆ ಓಡಾಡಿಸಿ ಗೊಂದಲದ ಮುಖ ಮಾಡಿಸಿದ್ದಾರೆ.

ಸಂಜೆಮಲ್ಲಿಗೆ

ಎಲ್ಲರೂ ಒಂದೇ ದನಿಯಲ್ಲಿ ಬೈಯುತ್ತಿದ್ದೀರಿ, ಆದ್ದರಿಂದ ಚಿತ್ರದ ಪರವಾಗಿ ನಾನು ನಿಲ್ಲುತ್ತೇನೆ. ನನಗೆ ಈ ಚಿತ್ರ ಇಷ್ಟ, ಮನಃಪೂರ್ವಕವಾಗಿಯೇ ಹೇಳುತ್ತಿದ್ದೇನೆ.

ಲೀಸಾ ಮತ್ತು ಜಾರ್ಜ್ ಮೊದಲ ಬಾರಿ ಊಟಕ್ಕೆ ಕೂರುವ ದೃಶ್ಯ ನೆನಪಿದೆಯೇ? ಇಬ್ಬರಿಗೂ ಅಂದು ಬದುಕು ಬಿದ್ದುಹೋಗಿದೆ. ಜಾರ್ಜ್ ಬಾಯಿ ತೆರೆದರೆ ಸಂಕಟವೇ ಹೊರಬರುತ್ತದೆ. ಮಾತನಾಡದೆ ಊಟ ಮಾಡೋಣ ಎಂದು ನಿರ್ಧರಿಸುತ್ತಾರೆ, ಹಾಗೆಯೇ ಮಾಡುತ್ತಾರೆ. ಇಬ್ಬರು ತಾರೆಯರು ಸುಮ್ಮನೆ ತಿನ್ನುತ್ತಾ ಒಬ್ಬರನ್ನೊಬ್ಬರು ಕದ್ದು ನೋಡುವುದರಲ್ಲಿ ಎಷ್ಟೊಂದು ಸಂಗತಿಗಳಿವೆ! ಸಾಮಾನ್ಯವಾಗಿ ಇಂಥ ಚಿತ್ರಗಳಲ್ಲಿ ಮೊದಲ ಭೇಟಿಯೆಂದರೆ ಚಟಪಟನೆ ಹಾರುವ ಮಾತುಗಳು. ಬ್ರೂಕ್ಸ್ ಅದನ್ನು ಬಿಟ್ಟುಕೊಟ್ಟು ಮೌನವನ್ನು ನಂಬಿದರು.

ಓವನ್ ವಿಲ್ಸನ್ ಪಾತ್ರವನ್ನೂ ನೋಡಿ. ಮ್ಯಾಟಿಯ ಮನೆಯಲ್ಲಿ ರಾತ್ರಿ ಉಳಿಯುವ ಹೆಂಗಸರಿಗಾಗಿ ಹೊಸ ಟೂತ್‌ಬ್ರಷ್‌ಗಳು, ಬೇರೆ ಬೇರೆ ಅಳತೆಯ ಉಡುಪುಗಳು ಸಿದ್ಧವಾಗಿರುತ್ತವೆ. ಲೀಸಾ ಅದನ್ನು ಕಂಡು ಸಿಡಿಯುತ್ತಾಳೆ. ಅವನಿಗೆ ಅದರಲ್ಲಿ ತಪ್ಪೇನೆಂದು ನಿಜಕ್ಕೂ ಅರ್ಥವಾಗುವುದಿಲ್ಲ, ಅತಿಥಿಸತ್ಕಾರ ಎಂದೇ ಭಾವಿಸಿದ್ದಾನೆ. ವಿಲ್ಸನ್ ಅವನನ್ನು ಖಳನನ್ನಾಗಿ ಮಾಡಲಿಲ್ಲ. ಬೆಳೆಯಲು ಪ್ರಯತ್ನಿಸುತ್ತಾ, ಪ್ರತಿ ಸಲ ಎಡವುವ ಮನುಷ್ಯನನ್ನು ಕಟ್ಟಿಕೊಟ್ಟರು. ಪ್ರತಿಭೆ ವ್ಯರ್ಥವಾಯಿತು ಎನ್ನುವವರು ವಿಲ್ಸನ್ ಅವರನ್ನು ಆ ಲೆಕ್ಕದಿಂದ ತೆಗೆಯಬೇಕು.

ಇನ್ನೊಂದು ಮಾತು. ಬದುಕಿನಲ್ಲಿ ಇಬ್ಬರ ಸಂಕಟಗಳಿಗೆ ನಂಟಿರಲೇಬೇಕೆ? ನನ್ನ ಕಷ್ಟ ನನ್ನದು, ನಿಮ್ಮ ಕಷ್ಟ ನಿಮ್ಮದು, ಆದರೂ ಒಂದು ಸಂಜೆ ಒಟ್ಟಿಗೆ ಕೂತರೆ ಹಗುರವಾಗುತ್ತದೆ. ಪ್ರೀತಿ ಹಾಗೆಯೂ ಹುಟ್ಟುತ್ತದೆ.

ರೀಲುಪೆಟ್ಟಿಗೆ

ಸಂಜೆಮಲ್ಲಿಗೆಯವರೇ, ಊಟದ ದೃಶ್ಯ ಚೆನ್ನಾಗಿದೆ, ನಿಜ. ವಿಲ್ಸನ್ ಬಗ್ಗೆಯೂ ನಿಮ್ಮ ಮಾತು ಸರಿ. ಟೂತ್‌ಬ್ರಷ್ ದೃಶ್ಯವನ್ನು ನಾನು ಇನ್ನೂ ಮರೆತಿಲ್ಲ.

ಆದರೆ ಬದುಕಿನಲ್ಲಿ ಹಾಗಾಗುತ್ತದೆ ಎಂಬ ವಾದವನ್ನು ಸ್ವತಃ ಬ್ರೂಕ್ಸ್ ಒಪ್ಪುತ್ತಿರಲಿಲ್ಲ ಎಂದು ನನ್ನ ನಂಬಿಕೆ. ‘ಬ್ರಾಡ್‌ಕಾಸ್ಟ್ ನ್ಯೂಸ್’ (1987) ನೋಡಿ. ಅದು ಕೂಡ ತ್ರಿಕೋನ ಪ್ರೇಮ, ಅದು ಕೂಡ ವಾಷಿಂಗ್ಟನ್‌ನಲ್ಲಿ. ಹಾಲಿ ಹಂಟರ್ ಸುದ್ದಿ ನಿರ್ಮಾಪಕಿ, ವಿಲಿಯಂ ಹರ್ಟ್ ಚೆಲುವ ವಾಚಕ, ಆಲ್ಬರ್ಟ್ ಬ್ರೂಕ್ಸ್ ಜಾಣ ವರದಿಗಾರ. ಹರ್ಟ್ ಅವರ ಪಾತ್ರ ಒಂದು ಸಂದರ್ಶನದಲ್ಲಿ ತನ್ನ ಕಣ್ಣೀರನ್ನು ಆಮೇಲೆ ಬೇರೆಯಾಗಿ ಚಿತ್ರೀಕರಿಸಿ ಸೇರಿಸಿರುತ್ತದೆ. ಅದು ತಿಳಿದ ಗಳಿಗೆಯಲ್ಲಿ ಹಂಟರ್ ಅವರ ಪಾತ್ರಕ್ಕೆ ಪ್ರೀತಿ ಮುರಿಯುತ್ತದೆ. ಸುದ್ದಿಯ ಪ್ರಾಮಾಣಿಕತೆಯೂ ಪ್ರೇಮದ ಪ್ರಾಮಾಣಿಕತೆಯೂ ಅಲ್ಲಿ ಒಂದೇ ಪ್ರಶ್ನೆ. ಯಾವ ಗಂಡಸನ್ನು ಆರಿಸುವುದು ಎಂದರೆ ಯಾವ ಪತ್ರಿಕೋದ್ಯಮವನ್ನು ಆರಿಸುವುದು ಎಂದೇ ಅರ್ಥ.

‘ಹೌ ಡು ಯು ನೋ’ದಲ್ಲಿ ಲೀಸಾ ಜಾರ್ಜ್‌ನನ್ನು ಆರಿಸಿದರೆ ಅವಳ ಆಟದ ಬಗ್ಗೆ, ಅವಳ ಮುಂದಿನ ಬದುಕಿನ ಬಗ್ಗೆ ಏನು ತೀರ್ಮಾನವಾಯಿತು? ಏನೂ ಇಲ್ಲ.

ಅದೇ ‘ಬ್ರಾಡ್‌ಕಾಸ್ಟ್ ನ್ಯೂಸ್’ನಲ್ಲಿ ನಿಕಲ್ಸನ್ ಕೆಲವೇ ನಿಮಿಷ ಬರುತ್ತಾರೆ, ನ್ಯೂಯಾರ್ಕ್‌ನ ಮುಖ್ಯ ವಾಚಕನಾಗಿ. ವಾಹಿನಿಯಲ್ಲಿ ಸಿಬ್ಬಂದಿಯನ್ನು ಕಿತ್ತುಹಾಕುತ್ತಿರುವ ದಿನ ಅವನು ಬಂದು ಸಹಾನುಭೂತಿ ತೋರಿಸುತ್ತಾನೆ. ನಿಮ್ಮ ಸಂಬಳದಲ್ಲಿ ಹತ್ತು ಲಕ್ಷ ಡಾಲರ್ ಇಳಿಸಿಕೊಂಡರೆ ಕೆಲವರು ಉಳಿಯಬಹುದು ಎಂಬ ಅರ್ಥದ ಮಾತನ್ನು ಮೇಲಧಿಕಾರಿಯೊಬ್ಬ ಆಡುತ್ತಾನೆ. ನಿಕಲ್ಸನ್ ಸುಮ್ಮನೆ ನೋಡುತ್ತಾರೆ, ಅಷ್ಟೇ. ಆ ಒಂದು ನೋಟದಲ್ಲಿ ಅಧಿಕಾರ, ಸ್ವಾರ್ಥ, ಭಯ ಎಲ್ಲವೂ ಇದೆ. 2010ರಲ್ಲಿ ಅದೇ ನಿರ್ದೇಶಕ ಅದೇ ನಟನಿಗೆ ಎಷ್ಟೋ ಪಟ್ಟು ಹೆಚ್ಚು ಸಮಯ ಕೊಟ್ಟರು, ಅಂಥ ಒಂದು ನೋಟಕ್ಕೆ ಅವಕಾಶ ಕೊಡಲಿಲ್ಲ.

ಮೂರನೇಸಾಲು

ಚಾರ್ಲ್ಸ್ ಪಾತ್ರಕ್ಕೆ ಮೊದಲು ಬಿಲ್ ಮರ್ರಿ ಅವರನ್ನು ಆಯ್ಕೆ ಮಾಡಲಾಗಿತ್ತು. ಅವರು ಹೊರಹೋದ ಮೇಲೆ ನಿಕಲ್ಸನ್ ಬಂದರು. ಪಾತ್ರವೇ ಬೇರೊಬ್ಬರ ಅಳತೆಗೆ ಹೊಲಿದ ಅಂಗಿಯಂತೆ ಕಾಣುವುದು ಅದಕ್ಕೇ ಇರಬಹುದೇ? ಮರ್ರಿ ಆಗಿದ್ದರೆ ತಂದೆಯ ಹೊಣೆಗೇಡಿತನ ಒಂದು ಬಗೆಯ ಉದಾಸೀನವಾಗಿ ಬರುತ್ತಿತ್ತು. ನಿಕಲ್ಸನ್ ಬಂದರೆ ನಾವು ಅಬ್ಬರವನ್ನು ಎದುರುನೋಡುತ್ತೇವೆ, ಅದು ಬರುವುದಿಲ್ಲ.

ಚಿತ್ರಕಥೆಓದುಗ

ಮೂರನೇಸಾಲು ಅವರ ಮಾತಿನಲ್ಲಿ ಹುರುಳಿದೆ, ಆದರೆ ಮೂಲ ತೊಂದರೆ ಪಾತ್ರದ ಬರವಣಿಗೆಯಲ್ಲೇ ಇದೆ. ಚಾರ್ಲ್ಸ್‌ಗೆ ಈ ಹಿಂದೆಯೇ ಒಮ್ಮೆ ಶಿಕ್ಷೆಯಾಗಿದೆ. ಈ ಬಾರಿ ಸಿಕ್ಕಿಬಿದ್ದರೆ ಉಳಿದ ಆಯುಷ್ಯವೆಲ್ಲ ಸೆರೆಮನೆಯಲ್ಲಿ. ಮಗ ತಪ್ಪೊಪ್ಪಿಕೊಂಡರೆ ಕೆಲವೇ ವರ್ಷ. ತಂದೆ ಮಗನ ಬಳಿ ಅದನ್ನು ಬೇಡುತ್ತಾನೆ. ಎಂಥ ಭಯಾನಕ ಬೇಡಿಕೆ! ಯಾವ ದೊಡ್ಡ ನಾಟಕಕಾರನಾದರೂ ಇದೊಂದನ್ನೇ ಹಿಡಿದು ಮೂರು ಅಂಕ ಬರೆಯುತ್ತಿದ್ದ. ಇಲ್ಲಿ ಅದು ನಗೆಯ ನಡುವೆ ತೇಲಿ ಬಂದು ತೇಲಿ ಹೋಗುತ್ತದೆ. ಜಾರ್ಜ್ ಒಮ್ಮೆಯೂ ತಂದೆಯ ಮೇಲೆ ಪೂರ್ತಿ ಸಿಟ್ಟಾಗುವುದಿಲ್ಲ. ಮಗ ಸಿಟ್ಟಾಗದಿದ್ದರೆ ತಂದೆಯ ಪಾತ್ರಧಾರಿ ಯಾವುದರ ಎದುರು ನಟಿಸಬೇಕು?

ಈಗ ಈ ಚಿತ್ರದ ಒಂದೇ ಒಂದು ಪರಿಪೂರ್ಣ ದೃಶ್ಯಕ್ಕೆ ಬರುತ್ತೇನೆ. ಇದುವರೆಗೆ ಯಾರೂ ಅದನ್ನು ಪ್ರಸ್ತಾಪಿಸಿಲ್ಲ.

ಜಾರ್ಜ್‌ನ ಕಾರ್ಯದರ್ಶಿ ಆ್ಯನಿ, ಪಾತ್ರಧಾರಿ ಕ್ಯಾಥ್ರಿನ್ ಹಾನ್. ತುಂಬು ಗರ್ಭಿಣಿ. ತನಿಖೆಯ ವಿಷಯವಾಗಿ ಅವನೊಂದಿಗೆ ಮಾತನಾಡಬಾರದು ಎಂದು ಅವಳಿಗೆ ಕಟ್ಟಪ್ಪಣೆಯಾಗಿದೆ. ಅವನಿಗೆ ಸತ್ಯ ಹೇಳಿಬಿಡಬೇಕೆಂಬ ತವಕ ಅವಳ ಬಾಯಿತುದಿಯಲ್ಲಿ ಸದಾ ಇರುತ್ತದೆ. ಹೆರಿಗೆಯಾದ ಮೇಲೆ ಆಸ್ಪತ್ರೆಯ ಕೋಣೆಗೆ ಮಗುವಿನ ತಂದೆ ಬರುತ್ತಾನೆ. ಮದುವೆಗೆ ತಾನೇಕೆ ಹಿಂಜರಿಯುತ್ತಿದ್ದೆ, ಈಗೇಕೆ ಕೇಳುತ್ತಿದ್ದೇನೆ ಎಂದು ತಡವರಿಸುತ್ತಾ, ಆದರೆ ಎದೆ ತುಂಬಿ ಮಾತನಾಡುತ್ತಾನೆ. ಜಾರ್ಜ್ ಕೈಯಲ್ಲಿ ಕ್ಯಾಮೆರಾ ಇದೆ, ಲೀಸಾ ಪಕ್ಕದಲ್ಲಿದ್ದಾಳೆ. ಎಲ್ಲ ಮುಗಿದ ಮೇಲೆ ತಿಳಿಯುತ್ತದೆ, ಏನೂ ದಾಖಲಾಗಿಲ್ಲ. ಆಗ ಅವರು ಇಡೀ ಪ್ರಸಂಗವನ್ನು ಮತ್ತೆ ಮೊದಲಿನಿಂದ ನಡೆಸುತ್ತಾರೆ. ಯಾವ ಮಾತಿನ ನಂತರ ಯಾವ ಮಾತು ಬಂದಿತ್ತೆಂದು ಕೇಳಿದ್ದವರು ನೆನಪಿಸಿಕೊಡುತ್ತಾರೆ.

ಇದು ಏಕೆ ಕೆಲಸ ಮಾಡುತ್ತದೆ? ಕೋಣೆಯಲ್ಲಿರುವ ಪ್ರತಿಯೊಬ್ಬರಿಗೂ ಒಂದೇ ಕೆಲಸ, ಪ್ರತಿಯೊಬ್ಬರಿಗೂ ಮತ್ತೊಬ್ಬರ ನೆರವು ಬೇಕು. ಎರಡನೆಯ ಬಾರಿ ಆಡುವಾಗ ಆ ಮಾತುಗಳು ನಾಟಕವಾಗುತ್ತವೆ, ಆದರೂ ಕಣ್ಣೀರು ನಿಜ. ಲೀಸಾ ಮತ್ತು ಜಾರ್ಜ್ ತಮಗೇ ಹೇಳಿಕೊಳ್ಳಲಾಗದ್ದನ್ನು ಬೇರೆಯವರ ಬಾಯಿಂದ ಎರಡು ಸಲ ಕೇಳುತ್ತಾರೆ, ಜೊತೆಗೆ ಅದನ್ನು ಸರಿಯಾಗಿ ಹೇಳಿಸುವ ಹೊಣೆಯೂ ಅವರದೇ. ತಂಡದಿಂದ ಹೊರಬಿದ್ದವಳು ಅಲ್ಲಿ ಮತ್ತೆ ಒಂದು ತಂಡದ ಭಾಗವಾಗಿದ್ದಾಳೆ. ಚಿತ್ರದ ಎರಡು ಕಥೆಗಳೂ ಆ ಕೋಣೆಯಲ್ಲಿ ಮಾತ್ರ ಒಂದಾಗುತ್ತವೆ.

ರೀಲುಪೆಟ್ಟಿಗೆಯವರ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ. ನಟರು ಅವರೇ, ನಿರ್ದೇಶಕ ಅವರೇ. ಒಂದು ಸಮಾನ ಕೆಲಸ ಕೊಟ್ಟ ಕೂಡಲೇ ಎಲ್ಲರೂ ಜೀವ ತಳೆದರು. ಆ ದೃಶ್ಯವನ್ನು ಹೊತ್ತು ನಿಂತ ಹಾನ್ ಅವರ ಹೆಸರು ಸಂಭಾವನೆಯ ಆ ದೊಡ್ಡ ಪಟ್ಟಿಯಲ್ಲಿ ಇಲ್ಲ ಎಂಬುದನ್ನೂ ಗಮನಿಸಿ.

ಸಂಜೆಮಲ್ಲಿಗೆ

ಆಸ್ಪತ್ರೆಯ ದೃಶ್ಯವನ್ನು ಇಷ್ಟು ಚೆನ್ನಾಗಿ ವಿವರಿಸಿದ್ದಕ್ಕೆ ಧನ್ಯವಾದಗಳು. ಹಾನ್ ಅವರ ದೊಡ್ಡ ಹೆಸರು ‘ವಾಂಡಾವಿಷನ್’ (2021) ಹೊತ್ತಿಗೆ ಬಂದದ್ದು, ಆದರೆ ಅವರ ಶಕ್ತಿ ಇಲ್ಲಿಯೇ ಪೂರ್ತಿಯಾಗಿ ಕಾಣುತ್ತದೆ.

ಟೋನಿ ಶಲೂಬ್ ಅವರನ್ನೂ ನೆನೆಯಬೇಕು. ‘ಮಂಕ್’ ಧಾರಾವಾಹಿಗೆ ಮೂರು ಎಮ್ಮಿ (ಅಮೆರಿಕದ ಟಿವಿ ಪ್ರಶಸ್ತಿ) ಗೆದ್ದವರು ಇಲ್ಲಿ ಒಂದೇ ದೃಶ್ಯದಲ್ಲಿ ಮನೋವೈದ್ಯರಾಗಿ ಬರುತ್ತಾರೆ. ಲೀಸಾ ಏನನ್ನೂ ಹೇಳಿಕೊಳ್ಳಲಾಗದೆ ಎದ್ದು ಹೊರಟು, ಬಾಗಿಲ ಬಳಿ ನಿಂತು, ಯಾರಿಗಾದರೂ ಅನ್ವಯಿಸುವ ಒಂದು ಸಾಮಾನ್ಯ ಸಲಹೆ ಕೊಡಿ ಎನ್ನುತ್ತಾಳೆ. ನಿನಗೆ ಏನು ಬೇಕೆಂದು ಕಂಡುಕೊ, ಅದನ್ನು ಕೇಳುವುದನ್ನು ಕಲಿ ಎಂಬ ಅರ್ಥದಲ್ಲಿ ಅವರು ಹೇಳುತ್ತಾರೆ. ಎರಡೂ ಕಷ್ಟವೇ ಎನ್ನುತ್ತಾಳೆ ಅವಳು. ಅಂಥ ನಟನನ್ನು ಆಮೇಲೆ ಚಿತ್ರ ಮತ್ತೆ ಕರೆಯಲೇ ಇಲ್ಲ. ಇದು ನನಗೂ ಕೊರತೆಯೇ.

ಬೆಳಕುನೆರಳು

ಛಾಯಾಗ್ರಹಣದ ಬಗ್ಗೆ ಒಂದೆರಡು ಸಾಲು. ಕಮಿನ್‌ಸ್ಕಿ ‘ಷಿಂಡ್ಲರ್ಸ್ ಲಿಸ್ಟ್’ ಮತ್ತು ‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರಗಳಿಗೆ ಆಸ್ಕರ್ ಪಡೆದವರು. ಇಲ್ಲಿ ಕೋಣೆಗಳೆಲ್ಲ ಒಂದೇ ಬಗೆಯ ನುಣುಪು ಬೆಳಕಿನಲ್ಲಿ ಮಿಂದಿವೆ. ಮ್ಯಾಟಿಯ ಶ್ರೀಮಂತ ಮನೆಗೂ, ಎಲ್ಲವನ್ನೂ ಕಳೆದುಕೊಂಡ ಮೇಲೆ ಜಾರ್ಜ್ ಸೇರುವ ಮನೆಗೂ ಬೆಳಕಿನಲ್ಲಿ ವ್ಯತ್ಯಾಸವೇ ಕಾಣದು. ನಾಯಕ ಬೀದಿಗೆ ಬಿದ್ದಿದ್ದಾನೆ ಎಂದು ಮಾತು ಹೇಳುತ್ತದೆ, ಚಿತ್ರ ಹೇಳುವುದಿಲ್ಲ. ವ್ಯರ್ಥವಾದವರು ನಟರಷ್ಟೇ ಅಲ್ಲ.

ತುಂಗಾತೀರ

ಕೊನೆಯ ಭಾಗದ ಬಗ್ಗೆ ಯಾರೂ ಬರೆದಿಲ್ಲ. ಲೀಸಾ ತನ್ನ ಬಳಿಗೆ ಬಂದರೆ ತಂದೆ ಸೆರೆಮನೆಗೆ, ಬರದಿದ್ದರೆ ತಾನೇ ಸೆರೆಮನೆಗೆ ಎಂದು ಜಾರ್ಜ್ ತಂದೆಯೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತಾನಲ್ಲ, ಅದನ್ನು ನಾನು ಕ್ಷಮಿಸಲಾರೆ. ಒಬ್ಬಳ ಪ್ರೀತಿಯ ಮೇಲೆ ಒಬ್ಬನ ಸೆರೆವಾಸವನ್ನು ಪಣವಿಡುವುದು! ಅದೂ ಅವಳಿಗೆ ತಿಳಿಯದಂತೆ!

ಚಿತ್ರಕಥೆಓದುಗ

ತುಂಗಾತೀರ ಅವರೇ, ಅಲ್ಲಿ ನಿಮ್ಮೊಂದಿಗಿದ್ದೇನೆ. ಅದರ ಜೊತೆಗೆ ಬರುವ ಉಡುಗೊರೆಯೇನೋ ಸೊಗಸಾಗಿದೆ. ಜಾರ್ಜ್ ಅವಳ ಹುಟ್ಟುಹಬ್ಬಕ್ಕೆ ಮಕ್ಕಳ ಆಟದ ಹಿಟ್ಟು ಪ್ಲೇ-ಡೋ ಡಬ್ಬಿ ಕೊಟ್ಟು ಅದರ ಕಥೆ ಹೇಳುತ್ತಾನೆ. ಕಥೆ ನಿಜವಾದದ್ದೇ. ಸಿನ್ಸಿನಾಟಿಯ ಕಂಪನಿಯೊಂದು ಕಲ್ಲಿದ್ದಲಿನ ಮಸಿ ಹಿಡಿದ ಗೋಡೆಕಾಗದವನ್ನು ಒರೆಸಲು ಆ ಹಿಟ್ಟನ್ನು ಮಾಡುತ್ತಿತ್ತು. ಮನೆಗಳಲ್ಲಿ ಕಲ್ಲಿದ್ದಲಿನ ಒಲೆ ಕಡಿಮೆಯಾಗಿ ವ್ಯಾಪಾರ ಕುಸಿದಾಗ, ನರ್ಸರಿ ಶಾಲೆಯ ಶಿಕ್ಷಕಿಯೊಬ್ಬರ ಸಲಹೆಯಿಂದ ಅದು 1950ರ ದಶಕದ ಮಧ್ಯದಲ್ಲಿ ಮಕ್ಕಳ ಆಟಿಕೆಯಾಯಿತು. ಸಣ್ಣದೊಂದು ಬದಲಾವಣೆ ಇಡೀ ಬದುಕನ್ನು ತಿರುಗಿಸಬಹುದು ಎಂದು ಹೇಳಲು ಜಾರ್ಜ್ ಇದನ್ನು ಬಳಸುತ್ತಾನೆ. ಕೆಲಸವಿಲ್ಲದಂತಾದ ವಸ್ತುವಿನ ಕಥೆಯನ್ನು ಕೆಲಸವಿಲ್ಲದಂತಾದ ಆಟಗಾರ್ತಿಗೆ ಹೇಳುವುದು, ನೋಡಿ, ಎಷ್ಟು ಸರಿಯಾದ ಆಯ್ಕೆ! ಆದರೆ ಲೀಸಾ ಆ ಬದಲಾವಣೆಯಿಂದ ಏನಾಗುತ್ತಾಳೆ? ತರಬೇತುದಾರಳೇ, ವಿದ್ಯಾರ್ಥಿನಿಯೇ? ಚಿತ್ರ ಉತ್ತರಿಸುವುದು ಯಾರ ಗೆಳತಿಯಾಗುತ್ತಾಳೆ ಎಂಬ ಪ್ರಶ್ನೆಗೆ ಮಾತ್ರ.

ಮೈದಾನದಂಚು

ಇದನ್ನೇ ನಾನು ಹೇಳಲು ಹೊರಟಿದ್ದೆ. ಆಟ ಬಿಟ್ಟ ಕ್ರೀಡಾಪಟುವಿಗೆ ಮರುದಿನ ಬೆಳಿಗ್ಗೆ ಎದ್ದು ಏನು ಮಾಡಬೇಕು ಎಂಬುದೇ ದೊಡ್ಡ ಪ್ರಶ್ನೆ. ಆ ಬೆಳಿಗ್ಗೆಯನ್ನು ಒಮ್ಮೆಯಾದರೂ ತೋರಿಸಬೇಕಿತ್ತು.

ಮೂರನೇಸಾಲು

ಬ್ರೂಕ್ಸ್ ಆಮೇಲೆ ಹದಿನೈದು ವರ್ಷ ನಿರ್ದೇಶನಕ್ಕೆ ಮರಳಲಿಲ್ಲ. 2025ರ ಡಿಸೆಂಬರ್‌ನಲ್ಲಿ ‘ಎಲಾ ಮೆಕೇ’ ಬಂತು, ಅಲ್ಲಿಯೂ ತಾರಾಗಣ ದೊಡ್ಡದು. ಇವರ ಯಾವ ಚಿತ್ರವನ್ನೂ ನೋಡದವರು ಎಲ್ಲಿಂದ ಆರಂಭಿಸಬೇಕು? ಮನೆಯಲ್ಲಿ ತಂಗಿಗೆ ತೋರಿಸಬೇಕೆಂದಿದ್ದೇನೆ.

ರೀಲುಪೆಟ್ಟಿಗೆ

‘ಬ್ರಾಡ್‌ಕಾಸ್ಟ್ ನ್ಯೂಸ್’ನಿಂದ ಆರಂಭಿಸಿ, ಹಿಂಜರಿಯಬೇಡಿ. ಅದಕ್ಕೆ ಏಳು ಆಸ್ಕರ್ ನಾಮನಿರ್ದೇಶನಗಳು ಬಂದವು, ಒಂದೂ ಗೆಲ್ಲಲಿಲ್ಲ. ಆದರೂ ಅವರ ಅತ್ಯುತ್ತಮ ಚಿತ್ರ ಅದೇ ಎಂದು ನನ್ನ ಅಭಿಪ್ರಾಯ. ನಂತರ ‘ಟರ್ಮ್ಸ್ ಆಫ್ ಎಂಡಿಯರ್‌ಮೆಂಟ್’. ‘ಹೌ ಡು ಯು ನೋ’ವನ್ನು ಅವುಗಳ ನಂತರ ತೋರಿಸಿ, ಹಾನ್ ಅವರಿಗಾಗಿ, ಆ ಆಸ್ಪತ್ರೆಯ ಕೋಣೆಗಾಗಿ. ತಂಗಿಯವರಿಗೆ ಏನನ್ನಿಸಿತೆಂದು ಇಲ್ಲಿ ಬರೆಯುವುದನ್ನು ಮರೆಯಬೇಡಿ.